ಬಿಸಿಲಿಗೆ 1850ರ ವೇಷ: ಸೆರಗು, ಮ್ಯಾಂಟಲ್, ಮೇಲುಹೊದಿಕೆ

ಹಿಂಗಾರಿ ಜೋಳದ ರಾಶಿ ಮುಗಿದು ಕೈ ಬಿಡುವಾಗುವುದೇ ಬೇಸಿಗೆಯ ಹೊತ್ತಿಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜಾತ್ರೆ, ಊರ ನಾಟಕ, ಸ್ತಬ್ಧಚಿತ್ರದ ಮೆರವಣಿಗೆಗಳಲ್ಲಿ ಬಹಳಷ್ಟು ಆಗಲೇ ಬರುತ್ತವೆ. ಏಪ್ರಿಲ್, ಮೇನಲ್ಲಿ ಇಲ್ಲಿನ ಮಧ್ಯಾಹ್ನ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಅಂಥ ಬಿಸಿಲಲ್ಲಿ ಐತಿಹಾಸಿಕ ಪಾತ್ರದ ಹೆಣ್ಣುಮಕ್ಕಳಿಗೆ ಬಾಡಿಗೆ ಅಂಗಡಿಯಿಂದ ತಂದು ತೊಡಿಸುವುದು ಏನು? ಮಖಮಲ್ಲಿನ ಕುಬಸ, ಸ್ಯಾಟಿನ್ ಸೀರೆ, ಅಂಚಿಗೆ ಪ್ಲಾಸ್ಟಿಕ್ ಜರಿ, ಹೆಗಲಿಗೆ ಪಾಲಿಯೆಸ್ಟರ್ ಶಾಲು. ಟ್ರ್ಯಾಕ್ಟರಿನ ಮೇಲೆ ನಿಂತ ರಾಣಿ ಅರ್ಧ ದಾರಿಗೇ ಬೆವರಿನಲ್ಲಿ ತೊಯ್ದು ತಲೆ ಸುತ್ತಿ ಕೂತುಬಿಡುತ್ತಾಳೆ. ಕಂಪನಿ ನಾಟಕದವರು ರಾತ್ರಿಯ ದೀಪದಲ್ಲಿ ಹೊಳೆಯಲೆಂದು ಕಟ್ಟಿಕೊಂಡ ವೇಷ ಅದು. ರಾತ್ರಿಗೆ ಅದು ಸರಿ. ಹಗಲಿನ ಮೆರವಣಿಗೆಗೆ ಅದನ್ನೇ ಹೊರಿಸುವುದು ಶಿಕ್ಷೆ, ಇತಿಹಾಸಕ್ಕೂ ದೂರ.

ಈ ಭಾಗದ ಐತಿಹಾಸಿಕ ನಾಟಕ ಎಂದರೆ ಕಾಲವೂ ಹೆಚ್ಚುಕಡಿಮೆ ಗೊತ್ತೇ ಇದೆ. 1853ರಲ್ಲಿ ನಿಜಾಮ ಸಾಲದ ಲೆಕ್ಕಕ್ಕೆ ರಾಯಚೂರು ದೋಆಬನ್ನು ಕಂಪನಿ ಸರ್ಕಾರದ ಕೈಗಿಟ್ಟ. 1860ರಲ್ಲಿ ಅದು ನಿಜಾಮನಿಗೆ ಮರಳಿತು. ನಡುವಿನ ಏಳು ವರ್ಷ ಇಲ್ಲಿ ಆಳಿದವರು ಇಂಗ್ಲಿಷರು, ಲಿಂಗಸುಗೂರಿನಲ್ಲಿ ಅವರ ಛಾವಣಿ ಇತ್ತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ಕಾಳಗ, ಅದೇ ವರ್ಷ ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬರ ಬಂಡಾಯ. ಇವುಗಳ ಮೇಲೆ ಕಟ್ಟಿದ ನಾಟಕದಲ್ಲಿ ಮೂರು ನಾಲ್ಕು ಬಗೆಯ ಹೆಣ್ಣುಪಾತ್ರ ಬರುತ್ತವೆ: ಊರ ಹೆಂಗಸರು ಮತ್ತು ಅರಮನೆಯವರು, ತಾಂಡಾದ ಲಂಬಾಣಿ ಹೆಂಗಸರು, ಮುಸ್ಲಿಂ ಮನೆತನದವರು, ಜೊತೆಗೆ ಛಾವಣಿಯ ಮೇಮ್‌ಸಾಹೇಬರು. ಅಂದಿನ ಬೇಸಿಗೆಯೂ ಬೇಸಿಗೆಯೇ. ಅವರೂ ಅದನ್ನು ದಾಟಿದ್ದು ಬಟ್ಟೆಯ ಆಯ್ಕೆಯಿಂದಲೇ, ಬಟ್ಟೆ ಕಡಿಮೆ ಮಾಡಿ ಅಲ್ಲ. ಇಡೀ ವೇಷವನ್ನು ಬದಲಿಸಲು ಹಣ ಸಾಲದಿದ್ದರೆ ಎಲ್ಲಕ್ಕಿಂತ ಮೇಲೆ ಬರುವ ಬಟ್ಟೆಯನ್ನಾದರೂ ಸರಿ ಮಾಡಿಕೊಳ್ಳಿ. ಬಿಸಿಲನ್ನು ಮೊದಲು ತಡೆಯುವುದು ಅದು, ನೋಡುವವರ ಕಣ್ಣಿಗೆ ಮೊದಲು ಬೀಳುವುದೂ ಅದು.

ಊರ ಹೆಂಗಸಿಗೆ ಆ ಬಟ್ಟೆ ಸೆರಗು. ಚಳಿಗೆ ದುಪ್ಪಟಿ, ಕಂಬಳಿ ಇದ್ದವು. ಬೇಸಿಗೆಯಲ್ಲಿ ಸೀರೆಯ ಮೇಲೆ ಇನ್ನೊಂದು ಹೊದಿಕೆ ಬೇಕಿರಲಿಲ್ಲ. ತಲೆ, ಕತ್ತು, ಬೆನ್ನಿಗೆ ನೆರಳು ಕೊಡುವ ಕೆಲಸವನ್ನೆಲ್ಲ ಸೆರಗೇ ಮಾಡುತ್ತಿತ್ತು. ಆದ್ದರಿಂದ ರಾಣಿಯೆಂದು ತೋರಿಸಲು ಹೆಗಲ ಮೇಲೆ ಜರಿಶಾಲು ಹೇರುವುದನ್ನು ಮೊದಲು ಬಿಡಿ, ಆ ದುಡ್ಡನ್ನು ಸೀರೆಗೆ ಹಾಕಿ.

ಸೀರೆಗೆ ದೂರ ಹೋಗಬೇಕಿಲ್ಲ. ಲಿಂಗಸುಗೂರಿನಿಂದ ಮುದಗಲ್ ದಾಟಿ ಮುಂದೆ ಹೋದರೆ ಇಳಕಲ್ಲು. ಇಳಕಲ್ ಸೀರೆಯ ನೇಯ್ಗೆಯಲ್ಲೇ ಬೇಸಿಗೆಗೆ ಬೇಕಾದ ಗುಣವಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಮೈಗೆ ಸುತ್ತುವ ಒಡಲು ಪೂರ್ತಿ ಹತ್ತಿಯದಾಗಿದ್ದು, ಕೆಂಪು ಬಿಳಿಯ ತೋಪು ತೆನೆ ವಿನ್ಯಾಸದ ಸೆರಗು ಮಾತ್ರ ರೇಷ್ಮೆಯದಾಗಿರಬಹುದು. ದುಬಾರಿಯೂ ಬಿಸಿಯೂ ಆದ ರೇಷ್ಮೆ ಕೊನೆಯ ಒಂದು ತುಂಡಿನಲ್ಲಷ್ಟೇ ಉಳಿಯುತ್ತದೆ. ಆ ತುಂಡು ಮೈಗೆ ಅಂಟದೆ ಹೆಗಲ ಮೇಲೆ, ತಲೆಯ ಮೇಲೆ ಸಡಿಲವಾಗಿ ಬರುತ್ತದೆ. ವೇಷಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುವುದಿಲ್ಲ. ಕೊಳ್ಳುವಾಗ ಸೆರಗು ಶುರುವಾಗುವ ಕಡೆ ಸೀರೆಯನ್ನು ಮಗುಚಿ ನೋಡಿ. ಕೊಂಡಿ ಹಾಕಿದ್ದರೆ ಅಡ್ಡಸಾಲಿನಲ್ಲಿ ಕುಣಿಕೆಗಳು ಕೈಗೆ ತಗಲುತ್ತವೆ. ಮಗ್ಗದಿಂದ ಒಂದೇ ಹಾಸಿನಲ್ಲಿ ಬಂದ ನಕಲಿ ಸೀರೆಯಲ್ಲಿ ಆ ಸಾಲು ಇರುವುದಿಲ್ಲ.

ಇಂದು ಇಳಕಲ್ ಹೆಸರಿನಲ್ಲಿ ಸಿಗುವ ಬಹುಪಾಲು ಸೀರೆಯಲ್ಲಿ ಕೃತಕ ರೇಷ್ಮೆ ಸೇರಿರುತ್ತದೆ. ಮರದ ತಿರುಳಿನಿಂದ ತೆಗೆವ ಈ ನೂಲು ಮಾರುಕಟ್ಟೆಗೆ ಬಂದದ್ದೇ 20ನೇ ಶತಮಾನದ ಆರಂಭದಲ್ಲಿ, ಪಾಲಿಯೆಸ್ಟರ್ ಇನ್ನೂ ಈಚಿನದು. ಇತಿಹಾಸದ ಮಾತು ಹಾಗಿರಲಿ, ಬೆವರಿನ ಮಾತೇ ಮುಖ್ಯ. ಹತ್ತಿ ಬೆವರನ್ನು ಹೀರಿ ಗಾಳಿಗೆ ಬಿಡುತ್ತದೆ, ಆ ಆರುವಿಕೆಯೇ ಮೈ ತಂಪು ಮಾಡುವುದು. ಪಾಲಿಯೆಸ್ಟರ್ ಹೀರುವುದಿಲ್ಲ, ಬೆವರು ಒಳಗೇ ಹರಿಯುತ್ತದೆ. ಅಂಗಡಿಯವರ ಮಾತಿಗಿಂತ ಒಂದು ಎಳೆ ಹೆಚ್ಚು ನಿಜ ಹೇಳುತ್ತದೆ. ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಹೊರಗೆ ಸುಟ್ಟು ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇದೆಯೆಂದೇ ಅರ್ಥ. ಕೃತಕ ರೇಷ್ಮೆ ಮಾತ್ರ ಈ ಪರೀಕ್ಷೆಯಲ್ಲಿ ಹತ್ತಿಯಂತೆಯೇ ಉರಿಯುತ್ತದೆ, ಅದನ್ನು ಹೊಳಪಿನಿಂದಲೇ ಗುರುತಿಸಬೇಕು. ಇನ್ನೊಂದು, ಬಟ್ಟೆಯನ್ನು ಒಂದೇ ಪದರದಲ್ಲಿ ಬಿಸಿಲಿಗೆ ಹಿಡಿಯಿರಿ. ಹಿಂದಿನ ನಿಮ್ಮ ಕೈಯ ಬೆರಳು ಮಸುಕಾಗಿ ಕಂಡರೆ ಅದು ಸೆರಗಿಗೆ ಸರಿಯಾದ ತೆಳುವು.

ಗಂಜಿಯ ವಿಷಯ ಹಲವರಿಗೆ ನೆನಪಿರುವುದಿಲ್ಲ. ಹೊಸ ಸೀರೆ ಗಂಜಿ ಹಾಕಿಯೇ ಬರುತ್ತದೆ, ನೇಯ್ಗೆಯ ಸಣ್ಣ ತೂತುಗಳೆಲ್ಲ ಮುಚ್ಚಿರುತ್ತವೆ. ಹಾಗೆಯೇ ಉಟ್ಟರೆ ಸೆಖೆ, ತಲೆಯ ಮೇಲಿನ ಸೆರಗೂ ಸೆಟೆದು ಜಾರುತ್ತದೆ. ಮೆರವಣಿಗೆಗೆ ಮೊದಲು ಎರಡು ಮೂರು ಸಲ ಒಡಲನ್ನು ತಣ್ಣೀರಿನಲ್ಲಿ ಜಾಲಾಡಿಸಿ. ಸೆರಗನ್ನು ಮಾತ್ರ ಬೇರೆ ಹಿಡಿದಿಡಿ, ಕೆಂಪು ಇಳಿದು ತೆನೆಯ ಬಿಳಿಗೆ ಹತ್ತಿದರೆ ಮತ್ತೆ ಹೋಗುವುದಿಲ್ಲ.

ಉಡುವ ರೀತಿಯಲ್ಲೂ ಒಂದು ಪದರ ಉಳಿಸಬಹುದು. ಅಂದಿನ ಹೆಂಗಸರಲ್ಲಿ ಕಚ್ಚೆ ಹಾಕಿ ಉಡುವುದು ಸಾಮಾನ್ಯವಾಗಿತ್ತು, ಅದಕ್ಕೆ ಎಂಟು ಒಂಬತ್ತು ಗಜದ ಸೀರೆ ಬೇಕು. ಇಳಕಲ್ಲಿನಲ್ಲಿ ಈ ಅಳತೆ ಈಗಲೂ ಸಿಗುತ್ತದೆ. ಸೀರೆ ಉದ್ದವಾದರೂ ಒಳಗೆ ಲಂಗವಿಲ್ಲ. ಕಾಲುಗಳ ನಡುವೆ ಗಾಳಿ ಆಡುತ್ತದೆ, ಟ್ರ್ಯಾಕ್ಟರ್ ಹತ್ತಿ ಇಳಿಯುವಾಗ ತೊಡರುವುದೂ ಇಲ್ಲ. ಕುದುರೆಯ ಮೇಲೆ ಕೂರುವ ಪಾತ್ರಕ್ಕಂತೂ ಬೇರೆ ದಾರಿಯಿಲ್ಲ. ಸಂಕೋಚವೆನಿಸುವ ಹುಡುಗಿಯರು ಒಳಗೆ ತೆಳು ಹತ್ತಿಯ ಮೊಣಕಾಲು ಚಡ್ಡಿ ಹಾಕಿಕೊಂಡರಾಯಿತು. ಸೆರಗನ್ನು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಗೆ ಪುಸ್ತಕ ತೆಗೆಯಬೇಡಿ. ಮನೆತನ, ಜಾತಿ, ಊರಿನ ಪ್ರಕಾರ ಅದು ಬದಲಾಗುತ್ತದೆ. ಪಾತ್ರ ಯಾವ ಮನೆತನದ್ದೋ ಆ ಮನೆತನದ ಹಿರಿಯಳೊಬ್ಬಳನ್ನು ಕರೆದು ಉಡಿಸಲು ಹೇಳಿ.

ತಲೆಯ ಮೇಲೆ ಸೆರಗು ಒಂದೇ ಪದರ ಬರಲಿ. ಮಡಿಸಿ ಹೊದ್ದರೆ ಒಳಗಿನ ಬಿಸಿ ಅಲ್ಲೇ ನಿಲ್ಲುತ್ತದೆ. ಕತ್ತಿನ ಹಿಂದೆ ಒಂದು ಗೇಣು ಸಡಿಲು ಬಿಟ್ಟು ಹೆಗಲಿಗೆ ಇಳಿಸಿ, ಗಾಳಿ ಆ ಸಂದಿಯಲ್ಲಿ ನುಗ್ಗಬೇಕು. ಸೆರಗು ನಿಲ್ಲಲು ತುರುಬು ಬೇಕು. ಜಡೆ ಬಿಟ್ಟ ತಲೆಯ ಮೇಲೆ ಅದು ನಿಲ್ಲುವುದೇ ಇಲ್ಲ, ಆಮೇಲೆ ಹತ್ತು ಪಿನ್ನು ಚುಚ್ಚಬೇಕಾಗುತ್ತದೆ. ಸೇಫ್ಟಿ ಪಿನ್ನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ ಎಂದು ವಾದ ಮಾಡಬಹುದು. ಮುದಗಲ್ಲಿನ ಸಂತೆಗೆ ಅದು ಆಗಲೇ ಬಂದಿತ್ತೆಂದು ನಂಬುವವರು ಯಾರೂ ಇಲ್ಲ. ಸೆರಗಿನ ಒಳಗಡೆ ಅದೇ ಬಣ್ಣದ ದಾರದಿಂದ ಎರಡು ಸಣ್ಣ ಕುಣಿಕೆ ಹೊಲಿದು, ಅವುಗಳ ಮೂಲಕ ತುರುಬಿಗೆ ಕೂದಲ ಪಿನ್ನು ಸಿಕ್ಕಿಸಿ. ಹೊರಗೆ ಏನೂ ಕಾಣದು, ರೇಷ್ಮೆಗೂ ತೂತು ಬೀಳದು.

ಬಣ್ಣದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೊದಲ ರಾಸಾಯನಿಕ ಬಣ್ಣ, ಒಂದು ಬಗೆಯ ನೇರಳೆ, ಲಂಡನ್ನಿನಲ್ಲಿ ಪರ್ಕಿನ್ ಎಂಬ ಹುಡುಗನ ಕೈಯಲ್ಲಿ ಹುಟ್ಟಿದ್ದು 1856ರಲ್ಲಿ. ಕೃತಕ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. 1858ರ ಸುರಪುರದ ಪಾತ್ರಕ್ಕೆ ಕಣ್ಣು ಕುಕ್ಕುವ ನೇರಳೆ, ಗಿಳಿಹಸಿರು, ಮಿಂಚುವ ಕಿತ್ತಳೆ ಒಪ್ಪುವುದಿಲ್ಲ. ನೀಲಿ ಗಿಡದ ನೀಲಿ, ಬೇರುಗಳಿಂದ ತೆಗೆದ ಇಟ್ಟಿಗೆಗೆಂಪು, ಅರಿಶಿನ ಮತ್ತು ದಾಳಿಂಬೆ ಸಿಪ್ಪೆಯ ಹಳದಿ, ನೀಲಿಯ ಮೇಲೆ ಹಳದಿ ಅದ್ದಿ ಬರಿಸಿದ ಹಸಿರು, ಇವು ಅಂದಿನ ಬಣ್ಣಗಳು. ನಮ್ಮ ಹೊಲದ ಕುಸುಬೆಯ ಹೂವಿನಿಂದ ತಿಳಿಗುಲಾಬಿಯೂ ಬರುತ್ತದೆ, ಆದರೆ ಬಿಸಿಲಿಗೆ ಬೇಗ ಮಾಸುವ ಬಣ್ಣ ಅದು. ಗಾಢ ನೀಲಿಯ ಇಲ್ಲವೆ ಕಪ್ಪು ಚಂದ್ರಕಾಳಿ ಸೀರೆ ನೋಡಲು ಬಲು ಚೆಂದ, ಧೂಳನ್ನೂ ಮುಚ್ಚುತ್ತದೆ, ಆದರೆ ನಡುಹಗಲಿನಲ್ಲಿ ಬಿಸಿಲನ್ನು ಎಳೆದುಕೊಳ್ಳುತ್ತದೆ. ಮೆರವಣಿಗೆ ಬೆಳಗಿನದೋ ಸಂಜೆಯದೋ ಆದರೆ ಚಂದ್ರಕಾಳಿ ಇರಲಿ. ಹನ್ನೊಂದರಿಂದ ನಾಲ್ಕರ ನಡುವೆಯಾದರೆ ತಿಳಿ ಹಳದಿ, ಬಿಳಿ ಕಡ್ಡಿಯ ಕೆಂಪು, ಸಣ್ಣ ಚೌಕಳಿಯ ಹಸಿರು ಆರಿಸಿ. ಕಸೂತಿ ಬೇಕೆಂದರೆ ಕೈಕಸೂತಿಯೇ ಇರಲಿ, ಇಲ್ಲವಾದರೆ ಬೇಡ. ಮಷಿನ್ನಿನ ಕಸೂತಿಯ ಹಿಂದೆ ಅಂಟಿಸಿದ ಪದರ ಬೆನ್ನಿಗೆ ತಗಡು ಕಟ್ಟಿದಂತಿರುತ್ತದೆ.

ಕುಬಸ ಮೇಲುಹೊದಿಕೆಯಲ್ಲ, ಆದರೂ ಸೆರಗಿನ ಸಂದಿಯಲ್ಲಿ ಕಾಣುವುದು ಅದೇ. ಗುಳೇದಗುಡ್ಡದ ಖಣದಲ್ಲಿ ಹತ್ತಿಯದನ್ನೇ ಕೇಳಿ. ತೋಳು ಮೊಣಕೈ ಹತ್ತಿರದವರೆಗೆ, ಮುಂದೆ ಗಂಟು. ಹುಕ್ಕು, ಬೆನ್ನಿನ ಲಾಡಿ, ಎದೆಯ ಪ್ಯಾಡು ಯಾವುದೂ ಬೇಡ. ದರ್ಜಿಯವರು ರೂಢಿಯ ಮೇಲೆ ಅಸ್ತರು ಹಾಕಿಬಿಡುತ್ತಾರೆ, ಬೇಡವೆಂದು ಮೊದಲೇ ಹೇಳಿ. ಕಂಕುಳಲ್ಲಿ ಮಾತ್ರ ಒಳಗೆ ಎರಡು ಮಲ್ಮಲ್ ತುಂಡು ಕಚ್ಚಾ ಹೊಲಿಗೆ ಹಾಕಿ, ಬೆವರು ಖಣಕ್ಕೆ ಇಳಿಯದು, ಮರುದಿನ ಬಿಚ್ಚಿ ಒಗೆಯಬಹುದು.

ಛಾವಣಿಯ ಮೇಮ್‌ಸಾಹೇಬರ ಪಾತ್ರದಲ್ಲಿ ನಮ್ಮ ನಾಟಕಗಳು ಎಡವುವುದು ಹೆಚ್ಚು. ತೋಳಿಲ್ಲದ ಹೊಳಪು ಗೌನು, ತಲೆಗೆ ಪ್ಲಾಸ್ಟಿಕ್ ಹೂವಿನ ಟೋಪಿ, ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ. 1850ರ ದಶಕದ ಇಂಗ್ಲಿಷ್ ಹೆಂಗಸು ಹೆಗಲು ತೆರೆದ ಉಡುಪು ತೊಡುತ್ತಿದ್ದುದು ರಾತ್ರಿಯ ಊಟಕ್ಕೆ, ನೃತ್ಯಕ್ಕೆ. ಹಗಲಿನ ಉಡುಪು ಕತ್ತು, ತೋಳು ಮುಚ್ಚುತ್ತಿತ್ತು, ಹೊರಗೆ ಕಾಲಿಟ್ಟರೆ ಅದರ ಮೇಲೆ ಇನ್ನೊಂದು ಹೊದಿಕೆ ಬರುತ್ತಿತ್ತು. ಧೂಳಿಗೂ ಬೇಕಿತ್ತು, ಮರ್ಯಾದೆಗೂ ಬೇಕಿತ್ತು. ಬೇಸಿಗೆಗೆ ಆ ಹೊದಿಕೆ ಮಸ್ಲಿನ್, ಆರ್ಗಂಡಿ, ಲೇಸು, ಜಾಳು ಜಾಳಾದ ರೇಷ್ಮೆ ಉಣ್ಣೆಯ ಬರೇಜ್, ತೆಳು ಕಪ್ಪು ರೇಷ್ಮೆ, ಇಂಥವುಗಳದ್ದಾಗಿರುತ್ತಿತ್ತು. ಆಕಾರ ಎರಡು ಮುಖ್ಯ: ಮೂಲೆ ಮಡಿಸಿ ಹೊದೆಯುವ ದೊಡ್ಡ ಚೌಕ ಶಾಲು, ಹೆಗಲಿನಿಂದ ಗಂಟೆಯಾಕಾರದಲ್ಲಿ ಇಳಿಯುವ ಮ್ಯಾಂಟಲ್. ಕೋಟಿನ ಹಾಗೆ ಮೈಗೆ ಅಂಟುವುದು ಬೇಸಿಗೆಗೆ ಬೇಡ. ಲಂಗದ ಅಗಲದ ಮೇಲೆ ಅದು ಕೂರುವುದೂ ಇಲ್ಲ.

ಮ್ಯಾಂಟಲ್ ಹೊಲಿಯುವುದು ಕುಬಸಕ್ಕಿಂತ ಸುಲಭ. 44 ಇಂಚು ಪನ್ನದ ಬಿಳಿ ಮಲ್ಮಲ್ ಇಲ್ಲವೆ ವಾಯಿಲ್ ಎರಡೂಕಾಲು ಮೀಟರ್ ತನ್ನಿ. ಒಗೆದು ಒಣಗಿಸಿ ಇಸ್ತ್ರಿ ಮಾಡಿ, ಯಾಕೆಂದರೆ ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ. ಉದ್ದವನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಮಡಿಕೆಯೂ ಕಿನಾರೆಯೂ ಸೇರುವ ಮೂಲೆಯಲ್ಲಿ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ 36 ಇಂಚಿಗೆ ಒಂದು ಕಮಾನು, 5 ಇಂಚಿಗೆ ಇನ್ನೊಂದು ಕಮಾನು ಎಳೆಯಿರಿ. ದೊಡ್ಡದು ಕೆಳಅಂಚು, ಚಿಕ್ಕದು ಕತ್ತು. ಕತ್ತರಿಸಿ ಬಿಡಿಸಿದರೆ ಅರ್ಧಚಂದ್ರದ ಬಟ್ಟೆ, ಕತ್ತಿನಿಂದ ಅಂಚಿಗೆ 31 ಇಂಚು. ಮುಂದಿನ ಎರಡೂ ಅಂಚು ಕಿನಾರೆಯಾದ್ದರಿಂದ ಮಡಿಸಿ ಹೊಲಿಯುವ ಕೆಲಸವಿಲ್ಲ. ಪನ್ನದಲ್ಲಿ ಉಳಿದ 8 ಇಂಚಿನ ಪಟ್ಟಿಯನ್ನು ಉದ್ದಕ್ಕೆ ಸೀಳಿ 4 ಇಂಚಿನ ಎರಡು ಪಟ್ಟಿ ಮಾಡಿ ಜೋಡಿಸಿದರೆ ಕೆಳಅಂಚಿಗೆ ಒಂದೂವರೆ ಪಟ್ಟು ನಿರಿಗೆಯ ಝಾಲರಿಗೆ ಸಾಕಾಗುತ್ತದೆ. ಕತ್ತಿಗೆ ಅದೇ ಬಟ್ಟೆಯ ಪಟ್ಟಿ, ಕಟ್ಟಲು ಒಂದು ರಿಬ್ಬನ್. ಅಸ್ತರು ಬೇಡವೇ ಬೇಡ. ಇಲ್ಲಿ ಮಾತ್ರ ತೆಳುವಾಗಿ ಗಂಜಿ ಹಾಕಿ. ಸೆರಗಿಗೆ ಗಂಜಿ ಕೆಟ್ಟದ್ದಾದರೆ ಮ್ಯಾಂಟಲಿಗೆ ಒಳ್ಳೆಯದು, ಬಟ್ಟೆ ಮೈಯಿಂದ ದೂರ ನಿಂತು ಒಳಗೆ ಗಾಳಿ ಸುತ್ತುತ್ತದೆ.

ಶಾಲು ಬೇಕೆಂದರೆ ಇನ್ನೂ ಅಗ್ಗ. 36 ಇಂಚು ಪನ್ನದ ವಾಯಿಲ್ ನಾಲ್ಕು ಮೀಟರ್ ತಂದು 72 ಇಂಚಿನ ಎರಡು ತುಂಡು ಮಾಡಿ, ಕಿನಾರೆಗೆ ಕಿನಾರೆ ಕೂಡಿಸಿದರೆ 72 ಇಂಚಿನ ಚೌಕವಾಗುತ್ತದೆ. ಚಳಿಗೆ ಅದನ್ನು ಮೂಲೆಗೆ ಮೂಲೆ ಮಡಿಸಿ ಹೊದೆಯುತ್ತಿದ್ದರು. ಬಿಸಿಲಿಗೆ ಎರಡು ಪದರ ಯಾಕೆ? ಕರ್ಣದ ಮೇಲೆ ಕತ್ತರಿಸಿ ಎರಡು ತ್ರಿಕೋನ ಮಾಡಿ, ಇಬ್ಬರು ಮೇಮ್‌ಸಾಹೇಬರಿಗಾಯಿತು. ಕೋಟಾ ಸೀರೆಯ ಜಾಳು ಚೌಕಳಿ ದೂರಕ್ಕೆ ಬರೇಜಿನಂತೆಯೇ ಕಾಣುತ್ತದೆ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಕುಟುಂಬಗಳಲ್ಲಿ ಹಳೆಯ ತಾಂತ್ ಸೀರೆ ಇದೆಯೇ ಎಂದು ಕೇಳಿ ನೋಡಬಹುದು, ಮ್ಯಾಂಟಲಿಗೆ ಅಷ್ಟು ಹಗುರ ಹತ್ತಿ ಬೇರೆ ಕಡೆ ಸಿಗುವುದು ಕಷ್ಟ. ಈಗಿನ ನೆಟ್ ಬಟ್ಟೆ ಮಾತ್ರ ಬೇಡ. ನೈಲಾನಿನದು ಅದು, ತೂತಿದ್ದರೂ ಬೆವರಿಗೆ ಚುಚ್ಚುತ್ತದೆ.

ಅಗಲ ಲಂಗಕ್ಕೆ ಉಕ್ಕಿನ ಬಳೆಗಳ ಪಂಜರ ಬಂದದ್ದು 1856ರಲ್ಲಿ. ಅದಕ್ಕೆ ಮೊದಲು ಐದಾರು ಒಳಲಂಗಗಳ ಮೇಲೆ ಲಂಗವನ್ನು ಉಬ್ಬಿಸುತ್ತಿದ್ದರು. ಪಂಜರ ನೋಡಲು ಹಿಂಸೆಯಂತೆ ಕಂಡರೂ ಬೇಸಿಗೆಗೆ ಅದೇ ವಾಸಿ, ಕಾಲಿನ ಸುತ್ತ ಬರೀ ಗಾಳಿ. 1857, 58ರ ದೃಶ್ಯವಾದರೆ ಧೈರ್ಯವಾಗಿ ಹಾಕಿ. 1853ರ ಛಾವಣಿಯ ದೃಶ್ಯವಾದರೆ ಹಾಕಬೇಡಿ, ಗಂಜಿ ಹಾಕಿದ ಒಂದು ಒಳಲಂಗ ಸಾಕು. ಕಪ್ಪು ಮಡಿಕೆ ಛತ್ರಿಯ ಮೇಲೆ ಬಿಳಿ ವಾಯಿಲ್ ಹೊದಿಸಿ ಝಾಲರಿ ಹೊಲಿದರೆ ಪಾರಸೋಲ್ ಸಿದ್ಧ. ನೆರಳೂ ನಿಜವಾದ ನೆರಳೇ.

ಲಂಬಾಣಿ ಪಾತ್ರಕ್ಕೆ ಫೇಟಿಯಾ ಲಂಗ, ಕಾಂಚಳಿ ಕುಬಸ, ತಲೆಯಿಂದ ಬೆನ್ನಿಗೆ ಇಳಿಯುವ ಛಾಂಟಿಯಾ ಬೇಕು. ಕನ್ನಡಿ, ಕವಡೆ, ನಾಣ್ಯಗಳ ಭಾರ ಹಣೆಯಂಚಿನಲ್ಲಿ ಇರಲಿ, ಬೆನ್ನ ಮೇಲಿನ ಭಾಗ ಬರೀ ತೆಳು ಹತ್ತಿಯಾಗಿರಲಿ. ಬಿಸಿಲಿಗೆ ಕಾದ ಲೋಹ ಚರ್ಮಕ್ಕೆ ತಗಲದಂತೆ ಒಳಗೆ ಪಟ್ಟಿ ಹೊಲಿಯಿರಿ. ಮಸ್ಕಿ, ಲಿಂಗಸುಗೂರು ಸುತ್ತ ತಾಂಡಾಗಳು ಬೇಕಾದಷ್ಟಿವೆ. ಅಲ್ಲಿಯ ಹಿರಿಯರನ್ನು ಕೇಳದೆ ಪೇಟೆಯ ಫ್ಯಾನ್ಸಿ ಡ್ರೆಸ್ ತೊಡಿಸುವುದು ಅವರಿಗೆ ಮಾಡುವ ಅವಮಾನ. ಮುಸ್ಲಿಂ ಮನೆತನದ ಪಾತ್ರಕ್ಕೆ ಮಲ್ಮಲ್ ದುಪಟ್ಟಾ, ಹೊರಗಿನ ದೃಶ್ಯಕ್ಕೆ ಬಿಳಿ ಹತ್ತಿಯ ಚಾದರ. ಇಂದಿನ ಕಪ್ಪು ಸಿಂಥೆಟಿಕ್ ಬುರ್ಖಾ ಆ ಕಾಲದ್ದಲ್ಲ.

ಮಾದರಿ ನೋಡಬೇಕೆನ್ನುವವರಿಗೆ ಎರಡು ಹಳೆಯ ಪುಸ್ತಕಗಳು ಅಂತರ್ಜಾಲದಲ್ಲೇ ಸಿಗುತ್ತವೆ. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬಾತ ಹಿಂದೂಸ್ತಾನದ ಬಟ್ಟೆಗಳ 700 ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಉದ್ದ, ಅಗಲ, ತೂಕದ ವಿವರ ಬರೆಸಿದ. ಅಂದಿನ ಬಟ್ಟೆ ಎಷ್ಟು ಹಗುರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. 1868ರಿಂದ 1875ರವರೆಗೆ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಎಂಟು ಸಂಪುಟಗಳಲ್ಲಿ ಫೋಟೋಗಳಿವೆ. ಆ ಫೋಟೋಗಳಲ್ಲಿ ಜನರನ್ನು ಕ್ಯಾಮೆರಾಕ್ಕಾಗಿ ನಿಲ್ಲಿಸಿದ್ದಾರೆ, ಜೊತೆಗಿನ ಬರಹದಲ್ಲಿ ಆಳುವವರ ಧಿಮಾಕೂ ಇದೆ. ಬಟ್ಟೆಯ ಮಡಿಕೆಯನ್ನಷ್ಟೇ ನೋಡಿ, ಬರಹವನ್ನು ನಂಬಬೇಡಿ.

ಎಷ್ಟೇ ಹಗುರ ಬಟ್ಟೆಯಾದರೂ ಬಿಸಿಲು ಬಿಸಿಲೇ. ಒಳಗೆ ಕತ್ತಿನ ಹಿಂದೆ ಒದ್ದೆ ಮಾಡಿದ ಮಲ್ಮಲ್ ಪಟ್ಟಿ ಇಟ್ಟರೆ ಸೆರಗು ಅದನ್ನು ಮುಚ್ಚುತ್ತದೆ, ಬಹಳ ಹೊತ್ತು ತಂಪು. ತಲೆ ಸುತ್ತು, ವಾಂತಿ ಬರುವಂತಾಗುವುದು, ಮಾತು ತೊದಲುವುದು ಕಂಡರೆ ದೃಶ್ಯ ಮುಗಿಯಲೆಂದು ಕಾಯಬೇಡಿ. ವೇಷ ಸಡಿಲಿಸಿ, ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮೆರವಣಿಗೆಗೆ ಒಂದು ವಾರ ಮೊದಲೇ ಪೂರ್ತಿ ವೇಷ ತೊಡಿಸಿ ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ಹೊತ್ತು ನಡೆಸಿ ನೋಡಿ. ಎಲ್ಲಿ ಬಿಗಿ, ಎಲ್ಲಿ ಸೆಖೆ ಎಂಬುದು ಆಗಲೇ ತಿಳಿಯುತ್ತದೆ, ತಿದ್ದಲು ಸಮಯವೂ ಇರುತ್ತದೆ.

ಅಜ್ಜಿಯ ಟ್ರಂಕಿನ ಹಳೆಯ ಇಳಕಲ್ ಸೀರೆ ಉಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಹೊರಗೆ ತೆಗೆಯಿರಿ, ಉದ್ದ ಅಳೆಯಿರಿ, ದಡಿಯ ಅಗಲ, ತೆನೆಯ ಲೆಕ್ಕ ಬರೆದುಕೊಳ್ಳಿ, ಫೋಟೋ ತೆಗೆದುಕೊಂಡು ನೇಕಾರರಿಗೆ ತೋರಿಸಿ ಹೊಸದು ನೇಯಿಸಿ. ಹಳೆಯದನ್ನು ಮತ್ತೆ ಮಡಿಸಿ ಟ್ರಂಕಿನಲ್ಲೇ ಇಡಿ. ವಯಸ್ಸಾದ ರೇಷ್ಮೆ ಬೆವರಿಗೂ ಬಿಸಿಲಿಗೂ ಒಂದೇ ದಿನದಲ್ಲಿ ಮಡಿಕೆ ಮಡಿಕೆಗೆ ಹರಿಯುತ್ತದೆ.